ಕಿಟಕಿ ಯಾರ ಕೈಯಲ್ಲಿರಬೇಕು?

ಅಮೆರಿಕದ ಕೊಲರಾಡೊ ರಾಜ್ಯದ ಗೋಲ್ಡನ್ ಊರಿನಲ್ಲಿ 2025ರವರೆಗೆ ನವೀಕರಿಸಬಹುದಾದ ಇಂಧನಗಳ ರಾಷ್ಟ್ರೀಯ ಪ್ರಯೋಗಾಲಯ ಎಂಬ ಹೆಸರಿದ್ದ ಸಂಸ್ಥೆಯಿದೆ. 2010ರಲ್ಲಿ ಅಲ್ಲಿ ಎದ್ದ ಕಚೇರಿ ಕಟ್ಟಡದಲ್ಲಿ, ಹೊರಗೆ ಹವೆ ಹಿತವಾಗಿದ್ದಾಗ ಕೆಲಸದವರ ಕಂಪ್ಯೂಟರಿಗೆ ಸಂದೇಶ ಬರುತ್ತದೆ: ಈಗ ಕಿಟಕಿ ತೆಗೆಯಬಹುದು. ತೆಗೆಯುವುದು, ಬಿಡುವುದು ಅವರಿಷ್ಟ. ಕೆಲವು ಕಿಟಕಿಗಳಿಗೆ ಮಾತ್ರ ಮೋಟರ್ ಇದೆ. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಅವು ತೆರೆದುಕೊಂಡು ತಂಗಾಳಿಯನ್ನು ಒಳಗೆ ಬಿಡುತ್ತವೆ, ಕಾಂಕ್ರೀಟು ತಣ್ಣಗಾಗುತ್ತದೆ.

ಎಲ್ಲವನ್ನೂ ಮೋಟರಿಗೇ ಬಿಡಬಹುದಿತ್ತಲ್ವಾ? ಬಿಡದಿರುವುದೇ ಜಾಣತನ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಂಶೋಧಕಿ ಗೇಲ್ ಬ್ರೇಗರ್ ಮತ್ತು ಸಂಗಡಿಗರು ಒಂದು ಕಚೇರಿಯ ಜನರನ್ನು ಗಮನಿಸಿ 2004ರಲ್ಲಿ ವರದಿ ಕೊಟ್ಟರು. ಕಿಟಕಿ ಕೈಗೆ ಸಿಗುವವರು ಒಂದು ಗುಂಪು, ಸಿಗದವರು ಇನ್ನೊಂದು. ಇಬ್ಬರಿಗೂ ಅದೇ ಸೆಖೆ, ಅಂಥದ್ದೇ ಬಟ್ಟೆ, ಅಂಥದ್ದೇ ಕೆಲಸ. ಆದರೂ ಇಬ್ಬರಿಗೂ ಹಿತ ಅನ್ನಿಸುವ ಉಷ್ಣಾಂಶಗಳ ನಡುವೆ 1.5 ಡಿಗ್ರಿ ಸೆಲ್ಸಿಯಸ್ ಅಂತರವಿತ್ತು. ಕಿಟಕಿ ಇದ್ದವರು ಇದ್ದ ಹವೆಗೇ ಹೊಂದಿಕೊಂಡಿದ್ದರು. ಬೇಕಾದರೆ ತೆಗೆಯಬಹುದು ಅನ್ನೋ ಧೈರ್ಯವೇ ಸಹನೆ ಕೊಡುತ್ತದೆ. 1.5 ಡಿಗ್ರಿ ಸಣ್ಣದಲ್ಲ. ಎಸಿಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು 6% ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ನಮ್ಮ ಇಂಧನ ದಕ್ಷತಾ ಬ್ಯೂರೊ.

ದೀಪದ ಕಥೆ ಬೇರೆ. ಇಲ್ಲಿ ಮನುಷ್ಯನನ್ನು ಪೂರ್ತಿ ನಂಬುವ ಹಾಗಿಲ್ಲ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಹಂಟ್ ಎಂಬ ಸಂಶೋಧಕರು ಕಂಡದ್ದಿದು: ಜನ ಸ್ವಿಚ್ ಮುಟ್ಟುವುದು ಕೋಣೆಗೆ ಬರುವಾಗ, ಆಮೇಲೆ ಹೋಗುವಾಗ. ನಡುವೆ ಬಿಸಿಲು ಎಷ್ಟೇ ಬರಲಿ, ದೀಪ ಉರಿಯುತ್ತಲೇ ಇರುತ್ತದೆ. ಕಿಟಕಿ ಪರದೆಯದೂ ಅದೇ ಪಾಡು. ಬೆಳಿಗ್ಗೆ ಎಳೆಬಿಸಿಲು ಕಂಪ್ಯೂಟರ್ ಪರದೆಗೆ ಹೊಡೆಯುತ್ತದೆ, ಯಾರೋ ಎದ್ದು ಕಿಟಕಿ ಪರದೆ ಎಳೆಯುತ್ತಾರೆ. ಸೂರ್ಯ ಮೇಲೇರಿದರೂ ಅದನ್ನು ಸರಿಸೋಕೆ ಯಾರೂ ಏಳಲ್ಲ. ಹೊರಗೆ ನಡುಹಗಲು, ಒಳಗೆ ಟ್ಯೂಬ್‌ಲೈಟು!

ಹಾಗಾಗಿ ದೀಪ ಹಾಕುವುದು ಜನರ ಕೆಲಸ, ಆರಿಸುವುದು ಜನರ ಅಲುಗಾಟ ಗುರುತಿಸುವ ಸೆನ್ಸರಿನ ಕೆಲಸ ಎಂದು ಹಂಚಿಕೊಟ್ಟರೆ ಉಳಿತಾಯ ಜಾಸ್ತಿ. ತಾನೇ ಹಾಕುವ ಸೆನ್ಸರು, ಬೆಳಕು ಸಾಕಷ್ಟಿದ್ದರೂ ನೀವು ಒಳಗೆ ಕಾಲಿಟ್ಟ ಕೂಡಲೇ ದೀಪ ಹಾಕಿಬಿಡಬಹುದು. ಆರಿಸುವ ಸೆನ್ಸರಿಗೂ ಒಂದು ಕೆಟ್ಟ ಚಾಳಿ ಇದೆ. ಅಲುಗಾಡದೆ ಕೂತು ಓದುವವರನ್ನು ಅದು ಇಲ್ಲವೇ ಇಲ್ಲ ಅಂದುಕೊಳ್ಳುತ್ತದೆ. ಆಗ ಸುಮ್ನೆ ಕೈ ಬೀಸುತ್ತಾ ಕೂರಬೇಕು. ಆರಿಸುವ ಮುಂಚೆ ಕಾಯುವ ಸಮಯವನ್ನು ಸರಿಯಾಗಿ ಹೊಂದಿಸಿದರೆ ಈ ಪೀಕಲಾಟ ಕಡಿಮೆಯಾಗುತ್ತದೆ.

ಗೋಲ್ಡನ್ ಕಟ್ಟಡದಲ್ಲಿ ಕಿಟಕಿಯನ್ನೇ ಎರಡು ಭಾಗ ಮಾಡಿದ್ದಾರೆ. ಮೇಲಿನ ಭಾಗದ ಪಟ್ಟಿಗಳು ಬಿಸಿಲನ್ನು ಚಾವಣಿಗೆ ಚಿಮ್ಮಿಸುತ್ತವೆ, ಕೆಳಭಾಗ ಹೊರಗೆ ನೋಡಲಿಕ್ಕೆ. ಇಂಥ ಕಿಟಕಿಯಲ್ಲಿ ಕೆಳಗಡೆ ಪರದೆ ಎಳೆದು ಮರೆತರೂ ಕೋಣೆ ಕತ್ತಲಾಗುವುದಿಲ್ಲ.

ಕಿಟಕಿ ತೆಗೆಯಬೇಕಾದರೆ ಹೊರಗಿನ ಗಾಳಿಯೂ ಸರಿ ಇರಬೇಕು. ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಚೇರಿಯ ದಕ್ಷಿಣಕ್ಕೆ ನಾರುವ ಮೋರಿ, ಗಾಳಿ ಬೀಸುವುದೂ ಆ ಕಡೆಯಿಂದಲೇ. ವಾಸ್ತುಶಿಲ್ಪಿ ಸಂಜಯ್ ಮೋಹೆ ಆ ಬದಿಯನ್ನು ಗೋಡೆಯಿಂದ ಮುಚ್ಚಿ, ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಅದರ ಹಿಂದಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ. ಆ ಜಾಗ ತುಂಬಲು ಉತ್ತರದ ಕಡೆಯಿಂದ ಒಳ್ಳೆಯ ಗಾಳಿ ನುಗ್ಗುತ್ತದೆ.