ರಾಜೀನಾಮೆ ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದರೆ ಬರೆದುಕೊಡಬೇಕೇ?

ಪ್ರಶ್ನೆ: ದಿನಪತ್ರಿಕೆಯೊಂದರ ಬೆಳಗಾವಿ ಆವೃತ್ತಿಯಲ್ಲಿ ಹನ್ನೊಂದು ವರ್ಷಗಳಿಂದ ಉಪಸಂಪಾದಕನಾಗಿದ್ದೇನೆ. ಜಿಲ್ಲಾ ಪುಟಗಳನ್ನು ಇನ್ನು ಮುಂದೆ ಬೇರೆ ಊರಿನಲ್ಲಿಯೇ ಕಟ್ಟುತ್ತಾರಂತೆ. ನಾಳೆ ಸಂಜೆಯೊಳಗೆ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ ಮತ್ತು ಅನುಭವ ಪತ್ರ ಕೊಡುತ್ತೇವೆ, ಇಲ್ಲದಿದ್ದರೆ ಏನೂ ಸಿಗುವುದಿಲ್ಲ ಎಂದಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ನಾಳೆ ಸಂಜೆಯೊಳಗೆ ಬರೆದುಕೊಡಬೇಡಿ. ಈ ಪ್ರಶ್ನೆಯನ್ನು ಬೆಳಗಾವಿಯಿಂದಲೂ ವಿಜಯಪುರ, ಬಾಗಲಕೋಟೆಗಳಿಂದಲೂ ಹಲವರು ಕೇಳಿದ್ದಾರೆ. ಅವರೆಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ.

ಹೀಗೆ ಹೇಳಲು ನನ್ನದೇ ಅನುಭವವೂ ಕಾರಣ. ವರ್ಷಗಳ ಹಿಂದೆ ಇಂಥದೇ ಒಂದು ಕೋಣೆಯಲ್ಲಿ ನನ್ನ ಮುಂದೆ ಮೊದಲೇ ಟೈಪ್ ಮಾಡಿದ ಒಂದು ಹಾಳೆಯನ್ನು ಇಟ್ಟಿದ್ದರು. ‘ವೈಯಕ್ತಿಕ ಕಾರಣಗಳಿಂದ’ ಎಂಬ ಮಾತು ಅದರಲ್ಲಿ ಆಗಲೇ ಇತ್ತು. ದಿನಾಂಕ ಮತ್ತು ಸಹಿಯ ಜಾಗಗಳಷ್ಟೇ ಖಾಲಿ ಇದ್ದವು. ಹಾಳೆಯ ಮೇಲೆ ಕ್ಯಾಪ್ ತೆಗೆದ ಪೆನ್ನನ್ನೂ ಇಟ್ಟಿದ್ದರು. ಹತ್ತೇ ನಿಮಿಷಕ್ಕೆ ಸಹಿ ಮಾಡಿ ಹೊರಬಂದೆ. ತಿಂಗಳ ನಂತರ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಾಗ ಅಧಿಕಾರಿ ಆ ಹಾಳೆಯನ್ನು ನನ್ನತ್ತ ತಿರುಗಿಸಿ, ‘ಈ ಸಹಿ ನಿಮ್ಮದೇ ಏನ್ರಿ?’ ಎಂದರು. ಹೌದು ಎಂದೆ. ಅಲ್ಲಿಂದ ಮುಂದೆ ನನ್ನ ಮಾತಿಗೆ ಬಲವೇ ಉಳಿಯಲಿಲ್ಲ.

ಸಂಸ್ಥೆ ತನ್ನ ಅಗತ್ಯಕ್ಕಾಗಿ ನಿಮ್ಮ ಹುದ್ದೆಯನ್ನು ತೆಗೆದುಹಾಕಿದರೆ ಕಾನೂನು ಅದನ್ನು ಹಿಂಬಡ್ತಿಯೆಂದಾಗಲಿ ಶಿಕ್ಷೆಯೆಂದಾಗಲಿ ನೋಡುವುದಿಲ್ಲ. ಅದು ‘ಉದ್ಯೋಗ ಕಡಿತ’ ಎನಿಸಿಕೊಳ್ಳುತ್ತದೆ ಮತ್ತು ಅದಕ್ಕೆ ಪರಿಹಾರ ಕೊಡಬೇಕಾಗುತ್ತದೆ. ನೀವಾಗಿ ರಾಜೀನಾಮೆ ಕೊಟ್ಟರೆ ಆ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ. ಒತ್ತಾಯಿಸಿ ಸಹಿ ಹಾಕಿಸಿಕೊಂಡರೆಂದು ಆಮೇಲೆ ವಾದಿಸಬಹುದಾದರೂ ಅದನ್ನು ರುಜುವಾತುಪಡಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಈಗ ಲೆಕ್ಕ ಹಾಕಿ ನೋಡೋಣ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯೂ 1947ರ ಕೈಗಾರಿಕಾ ವಿವಾದ ಕಾಯ್ದೆಯೂ ಅವುಗಳಲ್ಲಿ ವಿಲೀನವಾಗಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯು ಕಾರ್ಯನಿರತ ಪತ್ರಕರ್ತರನ್ನು ಹೆಸರಿಸಿಯೇ ‘ಕಾರ್ಮಿಕ’ರ ವ್ಯಾಖ್ಯೆಯೊಳಗೆ ಸೇರಿಸಿದೆ. ಹಾಗಾಗಿ ‘ನೀವು ಪತ್ರಕರ್ತರು, ನಿಮಗೆ ಅದೆಲ್ಲ ಅನ್ವಯಿಸುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವರದಿಗಾರ, ಉಪಸಂಪಾದಕ, ಛಾಯಾಗ್ರಾಹಕ, ವ್ಯಂಗ್ಯಚಿತ್ರಕಾರ, ಕರಡು ತಿದ್ದುವವರು ಎಲ್ಲರೂ ಆ ವ್ಯಾಖ್ಯೆಯಲ್ಲಿದ್ದಾರೆ. ಕಡಿತ ಮಾಡುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ, ಜೊತೆಗೆ ಮರುಕೌಶಲ ನಿಧಿಯಿಂದ (ಕೆಲಸ ಕಳೆದುಕೊಂಡವರು ಹೊಸ ಕೆಲಸ ಕಲಿಯಲೆಂದು ಇರುವ ನಿಧಿ) ಇನ್ನೂ 15 ದಿನಗಳ ವೇತನ ನಿಮಗೆ ಸಲ್ಲಬೇಕು. ಹನ್ನೊಂದು ವರ್ಷಕ್ಕೆ ಐದೂವರೆ ತಿಂಗಳು, ನೋಟಿಸಿಗೆ ಒಂದು ತಿಂಗಳು, ನಿಧಿಯಿಂದ ಅರ್ಧ ತಿಂಗಳು ಎಂದು ಹಿಡಿದರೆ ಒಟ್ಟು ಸುಮಾರು ಏಳು ತಿಂಗಳ ಸಂಬಳವಾಗುತ್ತದೆ. ಉದಾರವೆಂಬಂತೆ ನಿಮ್ಮ ಮುಂದೆ ಇಟ್ಟಿರುವುದು ಎರಡು ತಿಂಗಳದ್ದು.

ಗ್ರಾಚ್ಯುಟಿ ಇದರಲ್ಲಿ ಸೇರಿಲ್ಲ. ಉಳಿದ ನೌಕರರಿಗೆ ಐದು ವರ್ಷಗಳ ಸೇವೆ ಬೇಕಾದರೆ ಕಾರ್ಯನಿರತ ಪತ್ರಕರ್ತರಿಗೆ ಮೂರು ವರ್ಷ ಸಾಕು, ಮತ್ತು ಅದು ರಾಜೀನಾಮೆ ಕೊಟ್ಟರೂ ಕೊಡದಿದ್ದರೂ ನಿಮ್ಮದೇ ಹಣ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವಾವರ್ಷಗಳಿಂದಲೂ ಗುಣಿಸಿದರೆ ಮೊತ್ತ ಸಿಗುತ್ತದೆ. ವೇತನ 26,000 ರೂಪಾಯಿ ಇದ್ದರೆ ಹನ್ನೊಂದು ವರ್ಷಕ್ಕೆ 1,65,000 ರೂಪಾಯಿ. ಇದನ್ನೇ ‘ಪ್ಯಾಕೇಜ್’ ಎಂದು ಕರೆದು ಕೊಡಲು ಬರುವುದನ್ನು ನಾನು ಕಂಡಿದ್ದೇನೆ; ಅದಕ್ಕೆ ಕೃತಜ್ಞರಾಗುವ ಅಗತ್ಯವಿಲ್ಲ.

ಹಾಗಾದರೆ ನಾಳೆ ಏನು ಮಾಡಬೇಕು? ಜಗಳಕ್ಕೆ ಹೋಗದೆ, ಎಂದಿನಂತೆ ಕೆಲಸಕ್ಕೆ ಹೋಗಿ ಹಾಜರಿ ಹಾಕಿ. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುವ ಉದ್ದೇಶ ನನಗಿಲ್ಲ, ಹುದ್ದೆಯನ್ನು ರದ್ದು ಮಾಡುವುದಾದರೆ ಕಾರಣವನ್ನೂ ಸಲ್ಲಬೇಕಾದ ಮೊತ್ತದ ವಿವರವನ್ನೂ ಲಿಖಿತವಾಗಿ ತಿಳಿಸಬೇಕು’ ಎಂದು ಎರಡೇ ಸಾಲಿನ ಇ-ಮೇಲ್ ಕಳುಹಿಸಿ, ಅದರ ಪ್ರತಿಯೊಂದನ್ನು ನಿಮ್ಮ ಸ್ವಂತ ವಿಳಾಸಕ್ಕೂ ಹಾಕಿಕೊಳ್ಳಿ. ನೇಮಕಾತಿ ಆದೇಶ, ಸಂಬಳದ ಚೀಟಿಗಳು, ಬಡ್ತಿ ಪತ್ರಗಳನ್ನು ಇಂದೇ ಒಂದೆಡೆ ಸೇರಿಸಿ. ಕಚೇರಿಯ ಮೇಲ್ ಒಮ್ಮೆ ಬಂದ್ ಆದರೆ ಅವನ್ನು ಮತ್ತೆ ಪಡೆಯುವುದು ಕಷ್ಟ. ಲೆಕ್ಕ ಹಾಕಿದ ಮೇಲೆ ಅವರು ನ್ಯಾಯವಾದ ಮೊತ್ತಕ್ಕೆ ಒಪ್ಪಿದರೆ ಒಪ್ಪಂದ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಆ ಕಾಗದದಲ್ಲಿ ‘ವೈಯಕ್ತಿಕ ಕಾರಣ’ ಎಂಬ ಮಾತು ಇರಕೂಡದು.

ಅವರು ತೆಗೆದುಹಾಕಿಯೇ ಬಿಟ್ಟರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದು. 45 ದಿನಗಳಾದರೂ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಲು ಅವಕಾಶವಿದೆ. ಕೆಲಸ ಹೋದ ದಿನದಿಂದ ಎರಡು ವರ್ಷ ಮೀರಬಾರದು. ಆದರೆ ಹೊಸ ಸಂಹಿತೆಗಳ ವ್ಯವಸ್ಥೆ ಇನ್ನೂ ನೆಲೆಗೊಳ್ಳುತ್ತಿರುವುದರಿಂದ, ಅರ್ಜಿ ಬರೆಯುವ ಮುನ್ನ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನೋ ಕಾರ್ಯನಿರತ ಪತ್ರಕರ್ತರ ಸಂಘದ ಜಿಲ್ಲಾ ಘಟಕವನ್ನೋ ಒಮ್ಮೆ ಕೇಳಿ.

ಸಾಲಿನ ಲೆಕ್ಕದಲ್ಲಿ ದುಡ್ಡು ಪಡೆಯುವ ತಾಲ್ಲೂಕಿನ ಬಿಡಿ ಸುದ್ದಿಗಾರರಿಗೆ ಈ ರಕ್ಷಣೆ ಬಹುಮಟ್ಟಿಗೆ ದಕ್ಕುವುದಿಲ್ಲ ಎಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ. ಅವಧಿ ಒಪ್ಪಂದದ ಮೇಲೆ ಇರುವವರಿಗೆ, ಅವಧಿ ಮುಗಿದು ಕೆಲಸ ನಿಂತರೆ ಕಡಿತದ ಪರಿಹಾರ ಇಲ್ಲವಾದರೂ ಒಂದು ವರ್ಷ ಪೂರೈಸಿದ್ದರೆ ಗ್ರಾಚ್ಯುಟಿ ಉಂಟು.

ಭವಿಷ್ಯ ನಿಧಿಯ ವಿಷಯದಲ್ಲಿ ಒಂದೇ ಮಾತು. ಹತ್ತು ವರ್ಷ ದಾಟಿರುವುದರಿಂದ ನಿಮಗೆ ಪಿಂಚಣಿಯ ಹಕ್ಕು ಬಂದಿದೆ. ಕೈ ಬಿಗಿಯಾಯಿತೆಂದು ಮೊದಲ ವಾರದಲ್ಲಿಯೇ ಇಡೀ ಪಿ.ಎಫ್. ಹಣವನ್ನು ತೆಗೆದು ಖಾಲಿ ಮಾಡಬೇಡಿ.

ಈ ಕಡಿತಗಳ ಹಿಂದೆ ನಿಮ್ಮ ಯೋಗ್ಯತೆಯ ಪ್ರಶ್ನೆ ಇಲ್ಲವೆಂಬುದನ್ನೂ ತಿಳಿದಿರಿ. 2019ರಲ್ಲಿ ಸುದ್ದಿಕಾಗದದ ಆಮದಿಗೆ ಶೇ 10ರ ಸುಂಕ ಬಿತ್ತು, ಮರುವರ್ಷ ಅದು ಶೇ 5ಕ್ಕೆ ಇಳಿಯುವ ಹೊತ್ತಿಗೆ ಕೋವಿಡ್ ಬಂದು ಜಾಹೀರಾತು ಕುಸಿಯಿತು, ಓದುಗರೂ ಮೊಬೈಲಿಗೆ ಹೋದರು. ಆದರೂ ಪುಟ ಕಟ್ಟುವ ಕೆಲಸವನ್ನು ದೂರದ ಊರಿಗೆ ಒಯ್ಯುವುದರಿಂದ ಉಳಿಯುವ ಹಣಕ್ಕಿಂತ ಹೆಚ್ಚಿನದನ್ನು ಪತ್ರಿಕೆಗಳು ಕಳೆದುಕೊಳ್ಳುತ್ತವೆ ಎಂಬುದು ನನ್ನ ದೃಢ ನಂಬಿಕೆ. ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಚಿಕ್ಕೋಡಿ ಕಡೆಯ ಯಾವ ಸೇತುವೆ ಮೊದಲು ಮುಳುಗುತ್ತದೆ ಎಂಬುದು ರಾತ್ರಿ ಹನ್ನೊಂದರ ಡೆಡ್‌ಲೈನಿನಲ್ಲಿ ಇಲ್ಲಿ ಕುಳಿತವನಿಗೆ ಗೊತ್ತಿರುವಂತೆ ಅಲ್ಲಿ ಕುಳಿತವನಿಗೆ ಗೊತ್ತಿರಲಾರದು.

ಅನುಭವ ಪತ್ರದ ಬೆದರಿಕೆಗೆ ಅಂಜಬೇಡಿ. ಪಿ.ಎಫ್. ಪಾಸ್‌ಬುಕ್ಕಿನಲ್ಲಿ ಹನ್ನೊಂದು ವರ್ಷಗಳ ಒಂದೊಂದು ತಿಂಗಳೂ ದಾಖಲಾಗಿದೆ. ನೀವು ಕಟ್ಟಿದ ಪುಟಗಳು, ನಿಮ್ಮ ಹೆಸರಿನಲ್ಲಿ ಬಂದ ಲೇಖನಗಳ ಕಟಿಂಗ್‌ಗಳು ಮನೆಯ ಅಟ್ಟದಲ್ಲಿದ್ದರೆ ಇಂದು ರಾತ್ರಿ ಕೆಳಗಿಳಿಸಿ. ಹೇಗೂ ಮನೆಯವರಿಗೆ ವಿಷಯವನ್ನು ತಿಳಿಸಬೇಕಾಗಿದೆ, ಅವರೊಂದಿಗೆ ಕುಳಿತೇ ಅವನ್ನು ವರ್ಷವಾರು ಜೋಡಿಸಿಡಿ.