ರಿಪೋರ್ಟ್ ನಾರ್ಮಲ್, ರಕ್ತ ಮಾತ್ರ ನಿಲ್ತಿಲ್ಲ

ಹಲ್ಲು ಕೀಳಿಸಿ ಎರಡು ದಿನ ಆದರೂ ರಕ್ತ ಜಿನುಗುತ್ತಲೇ ಇರುತ್ತದೆ, ರಿಪೋರ್ಟಿನಲ್ಲಿ ಮಾತ್ರ ಬಿಟಿ, ಸಿಟಿ ಎರಡೂ ನಾರ್ಮಲ್. ಬ್ಲೀಡಿಂಗ್ ಟೈಮ್, ಕ್ಲಾಟಿಂಗ್ ಟೈಮ್ ಎಂಬ ಈ ಜೋಡಿಗೆ ನೂರು ವರ್ಷ ದಾಟಿದೆ. 1910ರಲ್ಲಿ ಡ್ಯೂಕ್ ಎಂಬ ವೈದ್ಯರು ಕಿವಿಯ ಹಾಲೆ ಚುಚ್ಚಿ, ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ನೋಡಿದರು. 1913ರಲ್ಲಿ ಲೀ ಮತ್ತು ವೈಟ್ ಗಾಜಿನ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆದರು. ತೀವ್ರ ಹಿಮೋಫಿಲಿಯಾ (ನಮ್ಮಲ್ಲಿ ಕುಸುಮ ರೋಗ ಅಂತಾರಲ್ಲ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಆ ಕಾಯಿಲೆ) ಈ ಎರಡನೆಯದರಲ್ಲಿ ಸಿಕ್ಕಿಬೀಳಬಹುದು. ಸೌಮ್ಯವಾದದ್ದು ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ.

ಆದರೆ ಹುಟ್ಟಿನಿಂದ ಬರುವ ಈ ಕಾಯಿಲೆಗಳ ವಿಷಯದಲ್ಲಿ ಮುಂದಿನ ದಾರಿ ತೋರಿಸಿದ್ದು ಬಹಳ ಸಲ ಈ 'ನಾರ್ಮಲ್' ಅನ್ನೋ ಉತ್ತರವೇ.

1935ರಲ್ಲಿ ಅಮೆರಿಕದ ಕ್ವಿಕ್ ಎಂಬ ವೈದ್ಯರು ಪಿಟಿ (ಪ್ರೋಥ್ರಾಂಬಿನ್ ಟೈಮ್) ಟೆಸ್ಟ್ ಕೊಟ್ಟರು. ಪ್ಲಾಸ್ಮಾಕ್ಕೆ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವಕ್ಕೆ) ಮೊಲದ ಮೆದುಳಿನ ಸತ್ವ, ಕ್ಯಾಲ್ಸಿಯಂ ಬೆರೆಸಿ, ಹೆಪ್ಪುಗಟ್ಟುವವರೆಗೆ ಗಡಿಯಾರ ನೋಡುವುದು, ಅಷ್ಟೆ. ಹಿಮೋಫಿಲಿಯಾ ಇದ್ದವರಲ್ಲೂ ಇದು ನಾರ್ಮಲ್ ಬಂತು! ಆ ಸತ್ವ ಎಷ್ಟು ಜೋರು ಅಂದರೆ ಹಿಮೋಫಿಲಿಯಾದ ಕೊರತೆಯೇ ಅದರಲ್ಲಿ ಮುಚ್ಚಿಹೋಗುತ್ತಿತ್ತು. 1953ರಲ್ಲಿ ನಾರ್ತ್ ಕೆರೊಲಿನಾದ ಲ್ಯಾಂಗ್‌ಡೆಲ್, ವ್ಯಾಗ್ನರ್, ಬ್ರಿಂಕ್‌ಹೌಸ್ ಅದರ ಒಂದಂಶವನ್ನಷ್ಟೇ ಬಳಸಿದರು, ಆಗ ಕೊರತೆ ಎದ್ದು ಕಂಡಿತು. 1961ರಲ್ಲಿ ಪ್ರಾಕ್ಟರ್ ಮತ್ತು ರ್‍ಯಾಪಪೋರ್ಟ್ ಅದಕ್ಕೆ ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು ಸೇರಿಸಿದ ಮೇಲೆ ಇವತ್ತಿನ ಎಪಿಟಿಟಿ ಟೆಸ್ಟ್ ಸಿದ್ಧವಾಯಿತು, ಇದೂ ಪ್ಲಾಸ್ಮಾ ಹೆಪ್ಪುಗಟ್ಟುವ ಹೊತ್ತಿನ ಅಳತೆಯೇ.

ಅಷ್ಟರಲ್ಲಿ ಇನ್ನೊಂದು ಗೋಜಲು ಬಂದಿತ್ತು. 1947ರಲ್ಲಿ ಬ್ಯೂನಸ್ ಐರಿಸ್‌ನ ಪಾವ್ಲೋವ್‌ಸ್ಕಿ ಒಬ್ಬ ಹಿಮೋಫಿಲಿಯಾ ರೋಗಿಯ ರಕ್ತಕ್ಕೆ ಇನ್ನೊಬ್ಬ ರೋಗಿಯ ರಕ್ತ ಬೆರೆಸಿದಾಗ ಹೆಪ್ಪು ಸರಿಯಾಗಿ ಕಟ್ಟಿತು. ಇಬ್ಬರಿಗೂ ಅದೇ ಕಾಯಿಲೆ ಆಗಿದ್ದರೆ ಹೀಗಾಗುತ್ತಿತ್ತಾ? 1952ರಲ್ಲಿ ಆಕ್ಸ್‌ಫರ್ಡಿನ ಬಿಗ್ಸ್, ಮ್ಯಾಕ್‌ಫಾರ್ಲೇನ್ ತಂಡ ಎರಡನ್ನೂ ಬೇರೆ ಮಾಡಿತು: ಒಂದರಲ್ಲಿ ಫ್ಯಾಕ್ಟರ್ 8 (ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿಗೆ ಫ್ಯಾಕ್ಟರ್ ಅಂತ ಹೆಸರು) ಕಡಿಮೆ, ಇನ್ನೊಂದರಲ್ಲಿ ಫ್ಯಾಕ್ಟರ್ 9. ಇವತ್ತಿಗೂ ಎಪಿಟಿಟಿ ಜಾಸ್ತಿ ಬಂದರೆ ರೋಗಿಯ ಪ್ಲಾಸ್ಮಾಕ್ಕೆ ಆರೋಗ್ಯವಂತರದ್ದು ಅರ್ಧಕ್ಕರ್ಧ ಬೆರೆಸಿ ನೋಡುತ್ತಾರೆ. ಸರಿಹೋದರೆ ಯಾವುದೋ ಫ್ಯಾಕ್ಟರ್ ಕಡಿಮೆ ಇದೆ ಅಂತ, ಹೋಗದಿದ್ದರೆ ರಕ್ತದಲ್ಲೇ ಏನೋ ಅಡ್ಡಗಾಲು ಹಾಕುತ್ತಿದೆ ಅಂತ. ಆಮೇಲೆ ಫ್ಯಾಕ್ಟರ್ ಅಳತೆ. ಸಹಜ ಮಟ್ಟದ ಶೇ. 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ.

ಹಿಮೋಫಿಲಿಯಾ ಹೆಚ್ಚಾಗಿ ಕಾಡುವುದು ಗಂಡುಮಕ್ಕಳನ್ನು, ಹೆಣ್ಣುಮಕ್ಕಳ ಕಥೆ ಬೇರೆ. ಫಿನ್ಲೆಂಡಿನ ಓಲಂಡ್ ದ್ವೀಪಗಳಿಂದ 1924ರಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಡಾಕ್ಟರ್ ವಿಲ್ಲೆಬ್ರಾಂಡ್ ಹತ್ತಿರ ಕರೆತಂದರು. ಪ್ಲೇಟ್‌ಲೆಟ್ ಎಣಿಕೆ ಸರಿ, ಹೆಪ್ಪುಗಟ್ಟುವ ಸಮಯವೂ ಸರಿ, ಬ್ಲೀಡಿಂಗ್ ಟೈಮ್ ಮಾತ್ರ ಎಳೆಯುತ್ತಿತ್ತು. 1926ರಲ್ಲಿ ಅವರು ಬರೆದರು, ಇದು ಹಿಮೋಫಿಲಿಯಾ ಅಲ್ಲ ಅಂತ. ಆ ಹುಡುಗಿ ಹದಿಹರೆಯಕ್ಕೆ ಕಾಲಿಟ್ಟಾಗ ಮುಟ್ಟಿನ ರಕ್ತಸ್ರಾವದಲ್ಲೇ ತೀರಿಕೊಂಡಳು. ಇದಕ್ಕೆ ನಂಬಬಹುದಾದ ಟೆಸ್ಟ್ ಸಿಗಲು ದಶಕಗಳೇ ಬೇಕಾದವು, ಅದೂ ಒಂದು ಕೆಟ್ಟ ಔಷಧಿಯಿಂದ. ರಿಸ್ಟೊಸೆಟಿನ್ ಎಂಬ ಆಂಟಿಬಯೋಟಿಕ್ ರೋಗಿಗಳ ಪ್ಲೇಟ್‌ಲೆಟ್ ಇಳಿಸುತ್ತಿದ್ದರಿಂದ ಬಳಕೆ ನಿಲ್ಲಿಸಿದರು. 1971ರಲ್ಲಿ ಆಸ್ಟ್ರೇಲಿಯಾದ ಹೋವರ್ಡ್ ಮತ್ತು ಫರ್ಕಿನ್ ಗಮನಿಸಿದ್ದು ಏನೆಂದರೆ, ಅದು ಆರೋಗ್ಯವಂತರ ಪ್ಲೇಟ್‌ಲೆಟ್‌ಗಳನ್ನು ಮುದ್ದೆ ಮಾಡುತ್ತದೆ, ವಿಲ್ಲೆಬ್ರಾಂಡ್ ಕಾಯಿಲೆಯವರದ್ದನ್ನು ಮಾಡುವುದಿಲ್ಲ. ಆಸ್ಪತ್ರೆಯಿಂದ ಹೊರಬಿದ್ದ ಔಷಧಿ ಲ್ಯಾಬಿಗೆ ಬಂದು ಕೂತಿತು. ಆದರೂ ಒಂದೇ ಸಲದ ರಿಪೋರ್ಟ್ ಸಾಲದು. ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ ಕೊರತೆಯಾಗುವ ಪ್ರೋಟೀನ್ ಬಸುರಿ ಇದ್ದಾಗ, ಒತ್ತಡದಲ್ಲಿ ಏರುತ್ತದೆ, ಓ ರಕ್ತದ ಗುಂಪಿನವರಲ್ಲಿ ಸಹಜವಾಗಿಯೇ ಕಡಿಮೆ ಇರುತ್ತದೆ.

1984ರಲ್ಲಿ ಫ್ಯಾಕ್ಟರ್ 8ರ ಜೀನ್ ಸಿಕ್ಕಿತು, ವಾಹಕ ತಾಯಂದಿರನ್ನು ಗುರುತಿಸುವುದು ಸುಲಭವಾಯಿತು. ಆದರೂ ಎಲ್ಲ ಶುರುವಾಗುವುದು ನೀಲಿ ಮುಚ್ಚಳದ ಟ್ಯೂಬಿನಿಂದಲೇ. ಅದರಲ್ಲಿ ಗೆರೆವರೆಗೆ ರಕ್ತ ತುಂಬದಿದ್ದರೆ ಎಪಿಟಿಟಿ ಸುಮ್ನೆ ಜಾಸ್ತಿ ತೋರಿಸುತ್ತದೆ.

ಸೋದರಮಾವ, ಅತ್ತೆ ಮಗನ ಜೊತೆ ಮದುವೆ ಇನ್ನೂ ನಡೆಯುವ ನಮ್ಮ ಕಡೆ ನೆನಪಿಡಬೇಕಾದ್ದು ಫ್ಯಾಕ್ಟರ್ 13ರ ಕೊರತೆ. ಇದು ಅಪರೂಪ, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಕೂಸಿನ ಹೊಕ್ಕುಳಲ್ಲಿ ರಕ್ತ ಸೋರುತ್ತಿರುತ್ತದೆ, ಪಿಟಿ ಎಪಿಟಿಟಿ ಎರಡೂ ನಾರ್ಮಲ್. ಹೆಪ್ಪು ಕಟ್ಟುತ್ತದೆ, ಗಟ್ಟಿಯಾಗಿ ನಿಲ್ಲುವುದಿಲ್ಲ. ಅದನ್ನು ಯೂರಿಯಾ ದ್ರಾವಣದಲ್ಲಿ ಹಾಕಿಟ್ಟರೆ ಕರಗಿಹೋಗುತ್ತದೆ. ಫ್ಯಾಕ್ಟರ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದರೆ ಮಾತ್ರ ಈ ಟೆಸ್ಟ್ ಹಿಡಿಯುತ್ತದೆ. ಸ್ವಲ್ಪ ಇದ್ದರೂ ಇದೂ ನಾರ್ಮಲ್ಲೇ.