ಮೇದೋಜೀರಕ ಊದಿದಾಗ ಕರುಳನ್ನು ಮರೆಯಬೇಡಿ

"ಡಾಕ್ಟ್ರೇ, ತೊಂದರೆ ಇರೋದು ಮೇದೋಜೀರಕದಲ್ಲಿ ಅಲ್ವಾ? ನೀವು ದಿನಾ ಬಂದು ಗ್ಯಾಸ್ ಹೋಯ್ತಾ, ಹೊಟ್ಟೆ ಉಬ್ಬಿದೆಯಾ ಅಂತ ಯಾಕೆ ಕೇಳ್ತೀರಿ?" ವಯಸ್ಸಾದ ರೋಗಿಗಳ ಮಕ್ಕಳು ನನ್ನನ್ನು ಹೀಗೆ ಕೇಳುತ್ತಿರುತ್ತಾರೆ. ಒಳ್ಳೆಯ ಪ್ರಶ್ನೆ.

ಮೇದೋಜೀರಕ, ಅಂದರೆ ಪ್ಯಾಂಕ್ರಿಯಾಸ್, ಜಠರದ ಹಿಂದಿರುವ ಗ್ರಂಥಿ. ಅದಕ್ಕೆ ದಿಢೀರನೆ ಉರಿಯೂತ ಬಂದರೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಅನ್ನುತ್ತೇವೆ. ವಯಸ್ಸಾದವರಲ್ಲಿ ಇದಕ್ಕೆ ಮುಖ್ಯ ಕಾರಣ ಪಿತ್ತಕೋಶದ ಕಲ್ಲು. ಹೆಚ್ಚಿನವರಲ್ಲಿ ಕಾಯಿಲೆ ಒಂದು ವಾರದೊಳಗೆ ಇಳಿಯುತ್ತದೆ. ಇಳಿಯದೆ ಜೋರಾದಾಗ ಕರುಳೂ ಪೆಟ್ಟು ತಿನ್ನುತ್ತದೆ.

ಕರುಳಿನ ಒಳಮೈ ಒಂದೇ ಒಂದು ಸಾಲು ಜೀವಕೋಶಗಳದ್ದು. ಅವು ಒಂದಕ್ಕೊಂದು ಹೊಲಿದ ಹಾಗೆ ಅಂಟಿಕೊಂಡಿರುತ್ತವೆ, ಮೇಲೆ ಲೋಳೆಯ ಪದರ. ಆ ಕಡೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ, ಈ ಕಡೆ ರಕ್ತ. 3ರಿಂದ 5 ದಿನಕ್ಕೊಮ್ಮೆ ಈ ಸಾಲು ಪೂರ್ತಿ ಹೊಸದಾಗುತ್ತದೆ. ಅದಕ್ಕೆ ರಕ್ತ, ಆಹಾರ ಎರಡೂ ಬೇಕು.

ಉರಿಯೂತ ಜೋರಾದಾಗ ರಕ್ತನಾಳಗಳಿಂದ ನೀರು ಸೋರುತ್ತದೆ. ಹೃದಯ, ಮೆದುಳಿಗೆ ರಕ್ತ ಸಾಲಲಿ ಎಂದು ದೇಹ ಕರುಳಿನ ಪಾಲನ್ನು ಕಡಿಮೆ ಮಾಡುತ್ತದೆ. ಆಗ ಹೊಲಿಗೆ ಸಡಿಲವಾಗುತ್ತದೆ. ಕರುಳಿನ ಚಲನೆಯೂ ನಿಲ್ಲುತ್ತದೆ; ಗ್ಯಾಸ್ ಹೋಯ್ತಾ, ಹೊಟ್ಟೆ ಉಬ್ಬಿದೆಯಾ ಅಂತ ನಾನು ಕೇಳುವುದು ಇದಕ್ಕೇ. ಆಗ ಬ್ಯಾಕ್ಟೀರಿಯಾ ಜಾಸ್ತಿಯಾಗುತ್ತವೆ, ಒಳಕ್ಕೆ ನುಸುಳುತ್ತವೆ. ಜೋರಾದ ಉರಿಯೂತದಲ್ಲಿ ಮೇದೋಜೀರಕದ ಒಂದು ಭಾಗ ಸಾಯಬಹುದು; ಆ ಭಾಗಕ್ಕೆ ಸೋಂಕು ತಗುಲಿದಾಗ ಅಲ್ಲಿ ಸಿಗುವುದು ಹೆಚ್ಚಾಗಿ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಎರಡೂ ಕರುಳಿನಲ್ಲೇ ವಾಸಿಸುವಂಥವು.

ವಯಸ್ಸಾದವರಿಗೆ ಈ ಪೆಟ್ಟು ಬೀಳುವ ಮೊದಲೇ ಕರುಳು ಸ್ವಲ್ಪ ಸೋತಿರುತ್ತದೆ. ಗೋಡೆಗೆ ಪೋಷಣೆ ಕೊಡುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿರಬಹುದು. ಕರುಳಿನ ರಕ್ತನಾಳಗಳು ಕಿರಿದಾಗಿರಬಹುದು. ಮಲಬದ್ಧತೆ ಇರುತ್ತದೆ. ವರ್ಷಗಟ್ಟಲೆ ನುಂಗಿದ ಆಸಿಡಿಟಿ ಮಾತ್ರೆಯೂ ಬ್ಯಾಕ್ಟೀರಿಯಾಗಳ ಲೆಕ್ಕ ತಪ್ಪಿಸುತ್ತದೆ. ಇನ್ನೊಂದು ಕಷ್ಟ: ಇವರಲ್ಲಿ ನೋವು, ಜ್ವರ ಅಷ್ಟಾಗಿ ಕಾಣದೇ ಇರಬಹುದು. ಬರೀ ಮಂಕಾಗುವುದು, ಗೊಂದಲದ ಮಾತೇ ಮೊದಲ ಸುಳಿವು. "ವಯಸ್ಸಾಯ್ತಲ್ಲ" ಎಂದು ಸುಮ್ನೆ ಬಿಟ್ಟರೆ ಚಿಕಿತ್ಸೆಯ ಒಂದು ದಿನ ಕೈತಪ್ಪುತ್ತದೆ. ಹಾಗಂತ ವಯಸ್ಸೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ದಿನಾ ನಡೆದಾಡುವ 75ರ ಅಜ್ಜಿ, ಶುಗರ್ ಹತೋಟಿಯಲ್ಲಿಲ್ಲದ 60ರವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳಬಹುದು.

ಹಿಂದೆ ಮೇದೋಜೀರಕಕ್ಕೆ ವಿಶ್ರಾಂತಿ ಬೇಕೆಂದು ದಿನಗಟ್ಟಲೆ ಉಪವಾಸ ಹಾಕುತ್ತಿದ್ದರು. ಈಗ ಹಾಗಿಲ್ಲ. ಕಾಯಿಲೆ ಸೌಮ್ಯವಾಗಿದ್ದರೆ, ವಾಂತಿ ನಿಂತು ಹಸಿವಾದ ಕೂಡಲೇ ಮೆತ್ತಗಿನ ಊಟ ಶುರು. ತಿನ್ನಲು ಆಗದಿದ್ದರೆ ಮೂಗಿನ ನಳಿಕೆಯಿಂದ. ನಳಿಕೆ ನೋಡಿದರೆ ಮನೆಯವರು ಹೆದರುತ್ತಾರೆ, ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ರಕ್ತನಾಳಕ್ಕೆ ಪೋಷಕಾಂಶದ ಡ್ರಿಪ್ ಹಾಕುವುದಕ್ಕಿಂತ ಇದರಲ್ಲಿ ಸೋಂಕು ಕಡಿಮೆ. ಆಹಾರ ತಾಗಿದರೆ ತಾನೇ ಕರುಳಿನ ಗೋಡೆ ಗಟ್ಟಿಯಾಗಿರುವುದು?

"ಹಾಗಾದರೆ ಪ್ರೋಬಯಾಟಿಕ್ ಕೊಡಬಹುದಲ್ವಾ?" ಎಂದೂ ಕೇಳುತ್ತಾರೆ. ಪ್ರೋಬಯಾಟಿಕ್ ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಮಾತ್ರೆ. ನೆದರ್ಲೆಂಡ್ಸ್‌ನಲ್ಲಿ ಅದನ್ನು ಪರೀಕ್ಷಿಸಿ ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇದ್ದದ್ದು, ಕಾಯಿಲೆ ತೀವ್ರವಾಗಬಹುದು ಎನಿಸಿದ ರೋಗಿಗಳು. ಪ್ರೋಬಯಾಟಿಕ್ ಪಡೆದವರಲ್ಲಿ 100ಕ್ಕೆ 16 ಮಂದಿ ತೀರಿಕೊಂಡರು, ಪಡೆಯದವರಲ್ಲಿ 6. ಪಡೆದವರಲ್ಲಿ ಒಟ್ಟು 9 ಜನರ ಕರುಳಿಗೆ ರಕ್ತವೇ ಸಾಲದೆ ಹೋಯಿತು. ಹಾಗಾಗಿ ಮನೆಯಿಂದ ತಂದು ಕೊಡಬೇಡಿ. ಸೋಂಕಿಲ್ಲದಿದ್ದರೆ ಮುಂಜಾಗ್ರತೆಗೆಂದು ಆಂಟಿಬಯಾಟಿಕ್ ಕೂಡ ಬೇಡ.

ಆಸ್ಪತ್ರೆಗೆ ಬರುವಾಗ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ತನ್ನಿ. ಕೊನೆಯ ಸಲ ಮಲ ಹೋಗಿದ್ದು ಯಾವಾಗ, ಮಾತು ಗೊಂದಲವಾಗಿದ್ದು ಯಾವಾಗ ಎಂದು ಬರೆದಿಟ್ಟುಕೊಂಡಿರಿ. ಕಲ್ಲಿನಿಂದ ಬಂದ ಸೌಮ್ಯ ಕಾಯಿಲೆಯಾದರೆ, ಮನೆಗೆ ಹೋಗುವ ಮೊದಲೇ ಪಿತ್ತಕೋಶದ ಆಪರೇಷನ್ ಮಾಡಬಹುದಾ ಎಂದು ಕೇಳಿ. ಮುಂದಕ್ಕೆ ಹಾಕಿದರೆ ಇದೇ ನೋವು ಮತ್ತೆ ಬರಬಹುದು.